ಪ್ರಿಂಟರಿಗೂ ನೀರು ಬೆಲ್ಲ

ನಮ್ಮ ಚಿಕ್ಕಮ್ಮನಿಗೆ ತಲೆ ಸರಿಯಿಲ್ಲವೆಂದು ಹೇಳುವವರು ಆಗಿನ ತುಮಕೂರಿನಲ್ಲಿ ಬೇಕಾದಷ್ಟು ಜನ ಇದ್ದರು. ಅವರೆಲ್ಲರ ಪ್ರಿಂಟರುಗಳು ಓಡುತ್ತಿದ್ದದ್ದು ಆ ತಲೆಯಿಂದಲೇ ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಇದು ಮೊದಲನೆಯ ಅನ್ಯಾಯ. ಮುಂದೆ ಇನ್ನೂ ಕೆಲವನ್ನು ಹೆಸರಿಸಲಿದ್ದೇನೆ, ಓದುಗರು ಸಹಿಸಿಕೊಳ್ಳಬೇಕು. ಮೌಸಿಗೆ ಕ್ಷಮೆ ಕೇಳಿದ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಗಿರಾಕಿಯೊಬ್ಬರು ಸಿಟ್ಟಿನಿಂದ ಅದನ್ನು ಮೇಜಿಗೆ ಕುಟ್ಟಿದಾಗ ಚಿಕ್ಕಮ್ಮ ಅದರ ಬೆನ್ನು ಸವರಿ, "ಬೇಜಾರು ಮಾಡ್ಕೋಬೇಡಪ್ಪ, ಅವರ ಮನೇಲಿ ಹೇಳ್ಕೊಟ್ಟಿಲ್ಲ" ಎಂದರು. ಗಿರಾಕಿ ಎದುರಿಗೇ ನಿಂತಿದ್ದರು.

ಚಿಕ್ಕಮ್ಮ ಕುಣಿಗಲ್ಲಿನವರು. ಅವರ ತಂದೆ ಪೇಟೆಯಲ್ಲಿ ಗಡಿಯಾರ ಮತ್ತು ರೇಡಿಯೋ ರಿಪೇರಿ ಮಾಡುತ್ತಿದ್ದ ಸಾಬರು. ಮಗಳನ್ನು ತುಮಕೂರಿಗೆ ಕಳಿಸಿ ಭೌತಶಾಸ್ತ್ರ ಓದಿಸಿದರು; ಅದೇ ತರಗತಿಯಲ್ಲಿ ನಮ್ಮ ಚಿಕ್ಕಪ್ಪ, ಗುಬ್ಬಿಯ ವಿಭೂತಿ ಮನೆತನದ ಕಿರಿಯ ಮಗ, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದರು. ಕುಣಿಗಲ್ಲಿನ ಸಾಬರು ಕೆಲವು ಕಾಲ ಮಾತು ಬಿಟ್ಟು, ಆಮೇಲೆ ಅಳಿಯನ ಕೈಗಡಿಯಾರ ನಿಧಾನವಾಗಿ ಓಡುತ್ತಿದೆಯೆಂಬ ನೆಪ ಹಿಡಿದು ಮಾತಿಗೆ ಕೂತರು. ಗುಬ್ಬಿಯ ನಮ್ಮ ಅಜ್ಜಿಗೆ ಗಡಿಯಾರ ರಿಪೇರಿ ಬರುತ್ತಿರಲಿಲ್ಲ.

ಅಜ್ಜಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಆ ಮನೆಯ ಹೊಸಿಲು ದಾಟಿದ ಯಾರಿಗೇ ಆದರೂ ಅಜ್ಜಿ ಮೊದಲು ಕೊಡುತ್ತಿದ್ದದ್ದು ಒಂದು ಲೋಟ ನೀರು, ಒಂದು ಚೂರು ಬೆಲ್ಲ. ಅದಾದ ಮೇಲೆಯೇ ಪ್ರಶ್ನೆ: "ಯಾವೂರು? ಯಾರ ಪೈಕಿ?" ಟಪಾಲಿನವರಿಗೂ ಬೆಲ್ಲ, ಮೀಟರು ನೋಡಲು ಬಂದವರಿಗೂ ಬೆಲ್ಲ, ದಾರಿ ತಪ್ಪಿ ಬಂದ ವಿಮೆ ಏಜೆಂಟರಿಗೂ ಬೆಲ್ಲ. ಚಿಕ್ಕಮ್ಮನಿಗೆ ಮಾತ್ರ ಇಲ್ಲ. ಹಬ್ಬ ಹುಣ್ಣಿಮೆಗೆ ಗುಬ್ಬಿಗೆ ಬಂದಾಗ ಅವರು ಜಗುಲಿಯ ಮೇಲೆ ಕೂರಬೇಕು. ಚಿಕ್ಕಪ್ಪನಿಗೆ ಒಳಗೆ ಬರಲು ಅಡ್ಡಿಯಿರಲಿಲ್ಲ. ಆದರೆ ಅವರೂ ಹೆಂಡತಿಯ ಪಕ್ಕದಲ್ಲೇ ಕೂತು, ಬೀದಿ ನೋಡುತ್ತಾ ಒಬ್ಬಟ್ಟು ತಿನ್ನುತ್ತಿದ್ದರು.

ನಾನು ಪ್ರಶ್ನೆ ಕೇಳುವುದನ್ನೇ ಪಾಠವೆಂದು ಕಲಿಸುವ ಶಾಲೆಯಲ್ಲಿ ಓದಿದವಳು. ಸುಮ್ಮನಿರಲು ಸಾಧ್ಯವೇ?

"ಅಜ್ಜಿ, ಇದು ಅಸ್ಪೃಶ್ಯತೆಯ ಆಚರಣೆ. ಇದು ಸಂವಿಧಾನಕ್ಕೆ ವಿರುದ್ಧ."

"ನಿನ್ನ ಸಂವಿಧಾನ ನಿನ್ನ ಇಸ್ಕೂಲಾಗೆ ಇಟ್ಕೊ. ಹೊಸಿಲು ನಂದು."

ನನ್ನ ಈ ಹೋರಾಟಕ್ಕೆ ಚಿಕ್ಕಮ್ಮನ ಬೆಂಬಲವೂ ಸಿಗಲಿಲ್ಲ. "ಸುಮ್ನಿರೇ ಮಾರಾಯ್ತಿ. ಒಳಕ್ಕೆ ಹೋಗ್ಬೇಕು ಅಂತ ನಂಗೂ ಆಸೆ ಇದೆ. ಆದ್ರೆ ನೀನು ತಳ್ಳಿ ಹೋಗೋದಲ್ಲ. ಅವರು ಕರೀಬೇಕು" ಎಂದರು. ಬೇರೆ ಯಾವ ವಿಷಯದಲ್ಲೂ ತಾಳ್ಮೆಯೆಂಬುದನ್ನೇ ಕಾಣದ ಹೆಂಗಸಿಗೆ ಇದೊಂದರಲ್ಲಿ ಎಲ್ಲಿಂದ ಬಂತೋ ತಾಳ್ಮೆ! ನಾನು ಇದನ್ನು ಎರಡನೆಯ ಅನ್ಯಾಯವೆಂದು ಗುರುತಿಸಿಕೊಂಡೆ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಚಿಕ್ಕಮ್ಮ ಒಂದು ಅಂಗಡಿ ಇಟ್ಟಿದ್ದರು. ಹೊರಗಿನ ಬೋರ್ಡಿನಲ್ಲಿ ಜೆರಾಕ್ಸ್, ಡಿಟಿಪಿ ಎಂದು ಬರೆದಿತ್ತು; ಒಳಗೆ ನಡೆಯುತ್ತಿದ್ದದ್ದು ಅತಿಥಿ ಸತ್ಕಾರ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರುಗಳ ಬೆನ್ನಿನಲ್ಲಿ ಯುಎಸ್‌ಬಿ ಎಂಬ ಚಪ್ಪಟೆ ಕಿಂಡಿಗಳು ಕಾಣಿಸಿಕೊಂಡವು. ಚುಚ್ಚಿದರೆ ಸಾಕು, ತಾನೇ ಕೆಲಸ ಮಾಡುತ್ತದೆ ಎಂದು ಮಾರುವವರು ಮಾತು ಕೊಟ್ಟಿದ್ದರು. ಜನ ಚುಚ್ಚಿದರು. ಅದು ಕೆಲಸ ಮಾಡಲಿಲ್ಲ. ಆಗ ಜನ ಪ್ರಿಂಟರನ್ನೋ ಸ್ಕ್ಯಾನರನ್ನೋ ಟವೆಲ್ಲಿನಲ್ಲಿ ಸುತ್ತಿ, ಜ್ವರ ಬಂದ ಮಗುವಿನಂತೆ ಎತ್ತಿಕೊಂಡು ಶೆಟ್ಟಿಹಳ್ಳಿಗೆ ಬರತೊಡಗಿದರು.

ಚಿಕ್ಕಮ್ಮನ ಸಿದ್ಧಾಂತವನ್ನು ನಾನು ಅವರ ಬಾಯಲ್ಲೇ ಕೇಳಿದ್ದೇನೆ.

"ಕಂಪ್ಯೂಟರ್ ಅಂದ್ರೆ ಒಬ್ಬ ಮನೆ ಯಜಮಾನ ಅಂತ ಇಟ್ಕೊ" ಎಂದು ಶುರು ಮಾಡಿದರು.

"ಯಜಮಾನತಿ ಯಾಕಾಗಬಾರದು?" ಎಂದೆ.

"ಆಗ್ಲಿ ತಾಯಿ, ಯಜಮಾನತಿ. ಬಾಗ್ಲಿಗೆ ಯಾರೋ ಬಂದವ್ರೆ ಅಂತ ಅವಳಿಗೆ ತಂತೀಲೇ ಗೊತ್ತಾಗುತ್ತೆ. ಯಾರು ಏನು ಅಂತ ಕೇಳೋಕೆ ಮುಂಚೆನೇ ಒಂಚೂರು ಕರೆಂಟ್ ಕೊಡ್ತಾಳೆ. ಊಟ ಅಲ್ಲ, ನೀರು ಬೆಲ್ಲ ಅಷ್ಟೇ. ಬಂದೋರಿಗೆ ಬಾಯಿ ಬಿಡೋಕಾದ್ರೂ ಶಕ್ತಿ ಬೇಡ್ವಾ? ಆಮೇಲೆ ಸುಧಾರಿಸ್ಕೊಳಿ ಅಂತಾಳೆ. ಕೂರೋಕೆ ಒಂದು ಜಾಗ ತೋರಿಸ್ತಾಳೆ. ಆಮೇಲೆ ಕೇಳೋದು: ಯಾವ ಕಂಪ್ನಿ, ಹೆಸರೇನು, ಏನು ಕೆಲ್ಸ, ಎಷ್ಟು ಉಣ್ತೀರಿ? ಉತ್ತರ ಬಂದ್ಮೇಲೆ ಅವರ ಭಾಷೆ ಬಲ್ಲೋರನ್ನ ಒಳಗಿಂದ ಕರೀತಾಳೆ. ಅವರೇ ಡ್ರೈವರು. ಆಮೇಲೇ ಪೂರ್ತಿ ಊಟ. ಈ ಕ್ರಮ ತಪ್ತೋ, ಕೆಲ್ಸ ಕೆಡ್ತು."

ನನ್ನ ಆತ್ಮಸಾಕ್ಷಿ ತಡೆಯಲಿಲ್ಲ. "ಯಾವ ಕಂಪನಿ ಎಂದು ಕೇಳುವುದು ಯಾವ ಜಾತಿ ಎಂದು ಕೇಳಿದಂತೆಯೇ ಅಲ್ಲವೇ, ಚಿಕ್ಕಮ್ಮ?"

"ಕೇಳೋದ್ರಲ್ಲಿ ತಪ್ಪಿಲ್ಲ ಕಣೇ. ಉತ್ತರ ಕೇಳಿ ಲೋಟ ಎತ್ತಿಟ್ರೆ ತಪ್ಪು. ಇವಳು ನೀರು ಮೊದ್ಲೇ ಕೊಟ್ಬಿಟ್ಟಿರ್ತಾಳೆ."

ಜಾತಿ ಪದ್ಧತಿಯ ಕುರಿತು ನಾನು ಅನೇಕ ಕಮ್ಮಟಗಳಲ್ಲಿ ಕೂತಿದ್ದೇನೆ. ಇಷ್ಟು ಚಿಕ್ಕ ವಾಕ್ಯ ಅಲ್ಲೆಲ್ಲೂ ಸಿಕ್ಕಿರಲಿಲ್ಲ.

ಈಗ ನಮ್ಮ ಕಚೇರಿಯ ಪ್ರಿಂಟರಿನ ಕಥೆಗೆ ಬರೋಣ. ನಮ್ಮದು ತುಮಕೂರಿನಲ್ಲಿ ಹೆಣ್ಣುಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಸಣ್ಣ ಸಂಘಟನೆ. ಕರಪತ್ರ ಅಚ್ಚು ಹಾಕಲೆಂದು ಒಂದು ಯುಎಸ್‌ಬಿ ಪ್ರಿಂಟರನ್ನು ತರಿಸಿದೆವು. ಅದರ ಕಿಂಡಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬರೆದ ಹಳದಿ ಚೀಟಿ ಅಂಟಿಸಿತ್ತು. ನಾವು ಚೀಟಿ ಕಿತ್ತೆವು, ತಂತಿ ಚುಚ್ಚಿದೆವು. ಪರದೆಯ ಮೇಲೆ 'ಅಪರಿಚಿತ ಸಾಧನ' ಎಂಬರ್ಥದ ಇಂಗ್ಲಿಷ್ ಮಾತು ಮೂಡಿತು. ಪ್ರಿಂಟರಿನ ಜೊತೆ ಬಂದಿದ್ದ ಸಿಡಿಯನ್ನು ಆಮೇಲೆ ಹಾಕಿದೆವು. ಆಗಲೂ ಅಪರಿಚಿತ. ತಂತಿ ಕಿತ್ತು ಚುಚ್ಚಿದೆವು. ಮತ್ತೂ ಅಪರಿಚಿತ. ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆಯದ ಕಂಪನಿಗಳು ಈ ನಾಡಿನ ಜನರಿಗೆ ಎಸಗುತ್ತಿರುವ ಭಾಷಿಕ ಅನ್ಯಾಯದ ಬಗ್ಗೆ ನಾನು ಸಹೋದ್ಯೋಗಿಗಳೆದುರು ವಿವರವಾಗಿ ಮಾತಾಡಿದೆ. ಎಲ್ಲರೂ ಒಪ್ಪಿದರು. ಪ್ರಿಂಟರು ಮಾತ್ರ ಒಪ್ಪಲಿಲ್ಲ.

ಚಿಕ್ಕಮ್ಮ ಬಂದರು, ಬಾಗಿಲಲ್ಲಿ ನಿಂತೇ ವಾಸನೆ ಹಿಡಿದವರಂತೆ, "ಸಿಡಿ ಹಾಕೋಕೆ ಮುಂಚೆನೇ ತಂತಿ ಚುಚ್ಚಿದ್ರಾ?" ಎಂದು ಕೇಳಿದರು.

"ಹೌದು. ಅದರಲ್ಲೇನು?"

"ಏನಾ? ಭಾಷೆ ಬಲ್ಲೋರು ಮನೇಲಿಲ್ದೇ ಇದ್ದಾಗ ನೆಂಟರು ಬಂದವ್ರೆ. ಅವರು ಏನೋ ಹೇಳಿದ್ರು, ಇವಳಿಗೆ ಅರ್ಥ ಆಗ್ಲಿಲ್ಲ. ಯಾರೋ ಗೊತ್ತಿಲ್ಲದೋರು ಅಂತ ಹಣೆಗೆ ಒಂದು ಹಳದಿ ಬೊಟ್ಟಿಟ್ಟು ಕೂರಿಸವ್ಳೆ. ಈಗ ಭಾಷೆ ಬಲ್ಲೋರು ಬಂದ್ರೂ, ನಂಗೆ ಗೊತ್ತು ಬಿಡಿ, ಅವರು ಗೊತ್ತಿಲ್ಲದೋರು ಅಂತಾಳೆ."

"ಹಾಗಾದರೆ ಹೊಸ ಪ್ರಿಂಟರು ತರಬೇಕೆ?"

"ಅಯ್ಯೋ, ಪ್ರಿಂಟರು ಚೆನ್ನಾಗೈತೆ ಕಣೇ. ಇವಳ ತಲೇಲಿ ಕೂತಿರೋ ತಪ್ಪು ಹೋಗ್ಬೇಕು. ಮೊದ್ಲು ಮರೆಸೋದು. ಆಮೇಲೆ ಪರಿಚಯ."

ತಂತಿ ಕಿತ್ತರು. ಸಾಧನಗಳ ಪಟ್ಟಿ ತೆರೆದು ಹಳದಿ ಗುರುತಿನ ಸಾಲನ್ನು ಅಳಿಸಿದರು. ಕಂಪ್ಯೂಟರನ್ನು ಆರಿಸಿ, "ಒಂದು ನಿದ್ದೆ ಮಾಡಿ ಏಳ್ಲಿ" ಎಂದು ಕಾಫಿ ತರಿಸಿಕೊಂಡರು. ಎದ್ದ ಮೇಲೆ ಮೊದಲು ಸಿಡಿ. ಸಿಡಿಯೇ ಕೇಳಿದಾಗ ತಂತಿ. ಪ್ರಿಂಟರು ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು ಒಂದು ಹಾಳೆಯನ್ನು ಹೊರಗೆ ಚಾಚಿತು. ಚಿಕ್ಕಮ್ಮ ಅದಕ್ಕೆ, "ಬನ್ನಿ, ಬನ್ನಿ" ಎಂದರು. ನಮ್ಮ ಕಚೇರಿಯಲ್ಲಿ ಅಷ್ಟು ಗೌರವದಿಂದ ಯಾರನ್ನೂ ಸ್ವಾಗತಿಸಿದ ನೆನಪು ನನಗಿಲ್ಲ. ನಾವು ಎಲ್ಲರನ್ನೂ ಸಂಗಾತಿ ಎಂದು ಕರೆದು ಚಾಪೆಯ ಮೇಲೆ ಕೂರಿಸುವವರು.

ಕುಣಿಗಲ್ಲಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಯಜಮಾನರೊಬ್ಬರಿದ್ದರು. ಅವರ ಸ್ಕ್ಯಾನರು ದೀಪ ಹತ್ತಿಸುವುದು, ಟಕ್ ಎನ್ನುವುದು, ಕಂಪ್ಯೂಟರಿನ ಕಣ್ಣಿನಿಂದ ಮಾಯವಾಗುವುದು, ಮತ್ತೆ ಬರುವುದು, ಹೀಗೆ ನಡೆದಿತ್ತು. ಗಾಳಿ ಸೋಕಿದೆಯೆಂದು ಅವರು ಸ್ಕ್ಯಾನರಿನ ಮೂತಿಗೆ ವಿಭೂತಿ ಬಳಿದು, ಮಾನಿಟರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ತವರಿಗೆ ಹೊರಟಿದ್ದ ಚಿಕ್ಕಮ್ಮನ ಜೊತೆ ನಾನೂ ಹೋಗಿದ್ದೆ. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಪ್ರತಿ ನಾಗರಿಕರ ಮೂಲಭೂತ ಕರ್ತವ್ಯ ಎಂದು ಯಜಮಾನರಿಗೆ ಹೇಳಲು ಆರಂಭಿಸಿದೆ. ಮೊದಲು ಆ ನಿಂಬೆಹಣ್ಣನ್ನು ಬಿಚ್ಚಬೇಕು ಎಂದೆ. ಯಜಮಾನರ ಮುಖ ಬಾಡಿತು.

"ಇರ್ಲಿ ಬುಡೇ" ಎಂದರು ಚಿಕ್ಕಮ್ಮ, ಮೇಜಿನ ಕೆಳಗಿನಿಂದ. "ನಿಂಬೆಹಣ್ಣು ಕರೆಂಟ್ ಎಳೆಯಲ್ಲ."

ಎಳೆಯುತ್ತಿದ್ದವರು ಬೇರೆ ಇದ್ದರು. ಯಜಮಾನರು ಒಂದು ಕಿಂಡಿಯನ್ನು ನಾಲ್ಕಾಗಿ ಮಾಡುವ ಡಬ್ಬಿಯೊಂದನ್ನು ತಂದು, ಅದಕ್ಕೆ ಸ್ಕ್ಯಾನರು, ಕೀಬೋರ್ಡು, ಪುಟ್ಟ ದೀಪ, ಸೆಕೆಗೆಂದು ಒಂದು ಪುಟ್ಟ ಫ್ಯಾನು, ಎಲ್ಲವನ್ನೂ ಸಿಕ್ಕಿಸಿದ್ದರು.

"ಯಜಮಾನ್ರೇ, ಒಂದು ಎಲೆ ಹಾಕಿ ನಾಲ್ಕು ಜನಾನ ಕೂರಿಸಿದೀರಲ್ಲ. ಸ್ಕ್ಯಾನರು ಪಾಪ ಜಾಸ್ತಿ ಉಣ್ಣೋನು. ಅನ್ನಕ್ಕೆ ಕೈ ಹಾಕೋ ಹೊತ್ಗೆ ಎಲೆ ಖಾಲಿ. ಎದ್ದು ಹೋಗ್ದೆ ಏನ್ ಮಾಡ್ತಾನೆ?"

"ಹಂಗಾರೆ ಗಾಳಿ ಅಲ್ವಾ ತಾಯಿ?"

"ಗಾಳೀನೇ. ಫ್ಯಾನ್ ಗಾಳಿ."

ಸ್ಕ್ಯಾನರನ್ನು ಡಬ್ಬಿಯಿಂದ ಬಿಡಿಸಿ ಕಂಪ್ಯೂಟರಿನ ಬೆನ್ನಿಗೇ ನೇರವಾಗಿ ಕೂರಿಸಿದರು. ಅದು ಮತ್ತೆ ಮಾಯವಾಗಲಿಲ್ಲ. ಯಜಮಾನರು ಸಂತೋಷದಿಂದ ನಿಂಬೆಹಣ್ಣನ್ನು ಬಿಚ್ಚಿದರು. ಅಲ್ಲೇ ಪಾನಕ ಮಾಡಿಸಿ ನಮಗೆ ಕುಡಿಸಿದರು. ಮೂಢನಂಬಿಕೆಯ ವಿರುದ್ಧ ನನ್ನ ಅನುಭವದಲ್ಲಿ ದೊರೆತ ಅತ್ಯಂತ ರುಚಿಕರವಾದ ಜಯ ಅದು.

ಚಿಕ್ಕಮ್ಮ ಬೀಳ್ಕೊಡುವುದರಲ್ಲೂ ಅಷ್ಟೇ ಕಟ್ಟುನಿಟ್ಟು. ಪೆನ್ ಡ್ರೈವ್ ಬಂದ ಮೇಲೆ ಈ ಕಟ್ಟುನಿಟ್ಟು ಶೆಟ್ಟಿಹಳ್ಳಿಯ ಗಿರಾಕಿಗಳಿಗೆ ದೊಡ್ಡ ಕಷ್ಟವಾಯಿತು. ತೆಗೆಯುವ ಮೊದಲು ಪರದೆಯ ಮೂಲೆಯಲ್ಲಿ ಒತ್ತಿ ಅಪ್ಪಣೆ ಕೇಳಬೇಕು, ಇನ್ನು ತೆಗೆಯಬಹುದು ಎಂದು ಅದು ಹೇಳುವ ತನಕ ಕಾಯಬೇಕು. ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು. ಒಮ್ಮೆ ಭಾಷಣದ ಪ್ರತಿ ತೆಗೆಸಲು ಬಂದಿದ್ದ ಅಧಿಕಾರಿಯೊಬ್ಬರು, ಜೀಪು ಕಾಯುತ್ತಿದೆಯೆಂದು, ಪೆನ್ ಡ್ರೈವನ್ನು ಸರಕ್ಕನೆ ಎಳೆದುಬಿಟ್ಟರು.

"ಸಾರ್, ನಿಮ್ಮನೇಲಿ ನೆಂಟರು ಎಲೆ ಮುಂದೆ ಕೂತಿದ್ದಾಗ ರಟ್ಟೆ ಹಿಡಿದು ಎಬ್ಬಿಸ್ತೀರಾ?"

"ಇಲ್ಲಮ್ಮ."

"ಮತ್ತೆ?"

ಮಾರನೆಯ ದಿನ ಆ ಅಧಿಕಾರಿ ಮತ್ತೆ ಬಂದರು. ಭಾಷಣ ಹಾರಿಹೋಗಿತ್ತು. ಚಿಕ್ಕಮ್ಮ ಅದನ್ನು ತಿರುಗಿ ಟೈಪು ಮಾಡಿಕೊಟ್ಟರು. ಹೋಗುವಾಗ ಅವರಿಂದ ಕಂಪ್ಯೂಟರಿಗೆ, "ಹೋಗಿ ಬರ್ತೀನಿ" ಎಂದು ಹೇಳಿಸಿಯೇ ಕಳಿಸಿದರು. ಆ ಅಧಿಕಾರಿಗೆ ನಾನು ಅನೇಕ ಮನವಿಗಳನ್ನು ಕೊಟ್ಟಿದ್ದೆ. ಅವರು ಯಾರ ಮಾತಿಗಾದರೂ ಬಗ್ಗಿದ್ದನ್ನು ಕಂಡದ್ದು ಅಂದೇ.

ಇಷ್ಟೆಲ್ಲ ಊರಿನ ಕಿಂಡಿಗಳನ್ನು ತೆರೆದ ಹೆಂಗಸು ಗುಬ್ಬಿಗೆ ಬಂದರೆ ಮತ್ತೆ ಜಗುಲಿ. ಈ ನಡುವೆ ನಮ್ಮ ತಂದೆ ನಿವೃತ್ತರಾಗಿ ಒಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ಕೊಂಡರು. ಊರಿನ ಚರಂಡಿಗಳ ಕುರಿತು ಪತ್ರಿಕೆಗಳಿಗೆ ಪತ್ರ ಬರೆಯುವುದು ಅವರ ನಿವೃತ್ತಿಯ ಧ್ಯೇಯವಾಗಿತ್ತು. ಕಂಪ್ಯೂಟರು ನಡುಮನೆಯಲ್ಲಿ, ಅದನ್ನು ಬಲ್ಲವರು ಜಗುಲಿಯಲ್ಲಿ, ನಡುವಿನ ಕಂಬಕ್ಕೆ ಒರಗಿ ಅವರೆಕಾಯಿ ಬಿಡಿಸುತ್ತಾ ಅಜ್ಜಿ. ಚಿಕ್ಕಮ್ಮ ಕಿಟಕಿಯ ಸರಳು ಹಿಡಿದು ಹೊರಗಿನಿಂದಲೇ ರಿಪೇರಿ ನಡೆಸುತ್ತಿದ್ದರು.

"ಭಾವ, ಪಟ್ಟೀಲಿ ಏನು ಕಾಣ್ತದೆ?"

"ಹಳದಿ ಗುರುತೊಂದಿದೆಯಮ್ಮ. ಅಪರಿಚಿತ ಅಂತ ಬರೆದಿದೆ."

ಅಜ್ಜಿ ಅವರೆಕಾಯಿಯಿಂದ ತಲೆಯೆತ್ತಿದರು. "ಮನೆಯೊಳಗೆ ಅಪರಿಚಿತರು ಯಾರ್ಲಾ?"

"ಪ್ರಿಂಟರು ಕಣವ್ವ."

"ಅದಕ್ಕೇನಾದ್ರೂ ಕೊಟ್ರಾ?"

"ಕೊಟ್ಟವ್ರೆ ಅತ್ತೆ, ಕರೆಂಟು ಕೊಟ್ಟವ್ರೆ" ಎಂದು ಕಿಟಕಿಯಿಂದ ಉತ್ತರ ಬಂತು. ಅಜ್ಜಿ ಕಿಟಕಿಯ ಕಡೆ ನೋಡಲಿಲ್ಲ. ಆದರೆ ಅವರೆಕಾಯಿ ಬಿಡಿಸುವ ಕೈ ಸ್ವಲ್ಪ ಹೊತ್ತು ನಿಂತಿತ್ತು.

ಪರದೇಶದಲ್ಲಿ ತಯಾರಾದ ಪ್ಲಾಸ್ಟಿಕ್ ಪೆಟ್ಟಿಗೆಗೆ ನಡುಮನೆಯಲ್ಲಿ ಜಾಗ, ಕುಣಿಗಲ್ಲಿನ ಹೆಣ್ಣುಮಗಳಿಗೆ ಜಗುಲಿ! ಮೂರನೆಯ ಅನ್ಯಾಯವಿದು. ಬೀದಿಯಲ್ಲಿ ನಿಂತು ಹೇಳಿಯೇಬಿಟ್ಟೆ. ಚಿಕ್ಕಮ್ಮ ತಲೆಯಾಡಿಸಿದರು.

"ಅವರದ್ದೂ ತಪ್ಪಿಲ್ಲ ಕಣೇ. ಅವರು ಒಂದು ದಿನಾನೂ ನನ್ನ ನೀನ್ಯಾರು ಅಂತ ಕೇಳೇ ಇಲ್ಲ. ಯಾರೋ ಏನೋ ಹೇಳಿದ್ದು ತಲೇಲಿ ಕೂತುಬಿಟ್ಟೈತೆ."

ಕಾಲ ಸರಿಯಿತು. ಅಜ್ಜಿಯ ನೆನಪು ಮೆಲ್ಲಗೆ ಸವೆಯತೊಡಗಿತು. ಮೊದಲು ಎದುರುಮನೆಯವರ ಹೆಸರು ಹೋಯಿತು, ಆಮೇಲೆ ಇಂದು ಯಾವ ವಾರ ಎಂಬುದು ಹೋಯಿತು, ಕೊನೆಗೆ ನಮ್ಮ ತಂದೆಗೇ ನೀರು ಬೆಲ್ಲ ಕೊಟ್ಟು, "ನೀವು ಯಾರ ಪೈಕಿ?" ಎಂದು ಕೇಳುವ ದಿನ ಬಂತು. ತಂದೆ ಬೆಲ್ಲ ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ ನಿಂತರು.

ಆ ಬೇಸಿಗೆಯಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಗುಬ್ಬಿಗೆ ಬಂದರು. ಪ್ರಿಂಟರು ಮತ್ತೆ ಕೈಕೊಟ್ಟಿತ್ತು. ಸಿಡಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಮ್ಮ ಜಗುಲಿಯ ಬಿಸಿಲಿನಲ್ಲಿ ಕೂತಿದ್ದರು. ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಬಹಳ ಹೊತ್ತು ನೋಡಿದರು.

"ಯಾರವ್ವ ನೀನು? ಬಿಸಿಲಾಗೆ ಯಾಕೆ ಕುಂತಿದೀಯ? ಬಾ ಒಳಕ್ಕೆ."

ಚಿಕ್ಕಮ್ಮ ಸಿಡಿಗಳ ಚೀಲವನ್ನು ಪಕ್ಕಕ್ಕಿಟ್ಟು ಎದ್ದರು. ಗಂಡನ ಮುಖ ನೋಡಿದರು. ಬಾಗಿಲಲ್ಲಿದ್ದ ನಮ್ಮ ತಂದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಚಿಕ್ಕಮ್ಮ ಚಪ್ಪಲಿ ಬಿಟ್ಟು, ಹೊಸಿಲು ತುಳಿಯದಂತೆ ಸೀರೆಯ ನೆರಿಗೆ ಎತ್ತಿ, ಬಲಗಾಲಿಟ್ಟು ಒಳಗೆ ಬಂದರು. ಅಜ್ಜಿ ಯಾರ ಸಹಾಯವನ್ನೂ ಒಲ್ಲದೆ, ಹಿತ್ತಾಳೆ ಲೋಟವನ್ನೂ ಬೆಲ್ಲದ ತಟ್ಟೆಯನ್ನೂ ತಾವೇ ತಂದರು. ಚಿಕ್ಕಮ್ಮ ಕುಡಿದರು. ಲೋಟ ಕೆಳಗಿಟ್ಟರು. ಆಗ ಆ ಪ್ರಶ್ನೆ ಬಂತು.

"ಯಾರ ಪೈಕಿ?"

ನಮ್ಮ ತಂದೆ ಬಗ್ಗಿ, "ತುಮಕೂರಿನವರು, ಪರಿಚಯದವರು ಅಂದುಬಿಡಮ್ಮ, ಸಾಕು" ಎಂದು ಪಿಸುಗುಟ್ಟಿದರು.

"ಬೇಡ ಭಾವ. ತಪ್ಪು ಹೆಸರು ಹೇಳಿದ್ರೆ ತಪ್ಪು ಡ್ರೈವರು ಕೂತ್ಕೊಳ್ತದೆ" ಎಂದರು ಚಿಕ್ಕಮ್ಮ. ಆಮೇಲೆ ಅಜ್ಜಿಯ ಕಡೆ ತಿರುಗಿ, ಯಾವುದನ್ನೂ ಬಿಡದೆ, ಕ್ರಮ ತಪ್ಪದೆ ಹೇಳಿದರು.

"ನಾನು ಕುಣಿಗಲ್ಲಿನೋಳು. ಗಡಿಯಾರ ರಿಪೇರಿ ಸಾಬರ ಮಗಳು. ತುಮಕೂರಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದೀನಿ. ಒಂದು ಮುದ್ದೆ ಉಣ್ತೀನಿ. ನಿಮ್ಮ ಚಿಕ್ಕ ಮಗನ ಹೆಂಡ್ತಿ."

ಅಜ್ಜಿ ಯೋಚಿಸಿದರು. ಎಲ್ಲೋ ಒಳಗೆ ಯಾರನ್ನೋ ಹುಡುಕುತ್ತಿರುವಂತೆ ಕಣ್ಣು ಅತ್ತಿತ್ತ ಆಡಿತು.

"ಸೊಸೇನಾ?"

"ಹ್ಞೂಂ ಅತ್ತೆ."

"ಮತ್ತೆ ಆಚೆ ಯಾಕೆ ಕುಂತಿದ್ದೆ?"



"ನೀವು ಕರೀಲಿ ಅಂತ" ಎಂದರು ಚಿಕ್ಕಮ್ಮ.

ಅಂದು ಅವರು ನಡುಮನೆಯಲ್ಲಿ ಕೂತು ಮುದ್ದೆ ಉಂಡರು. ಪ್ರಿಂಟರಿನ ನೆನಪು ಯಾರಿಗೂ ಆಗಲಿಲ್ಲ. ತುಮಕೂರಿಗೆ ಮರಳುವ ಬಸ್ಸಿನಲ್ಲಿ ನನಗೆ ಮತ್ತೆ ಸಿಟ್ಟು ಬಂತು. ಅಜ್ಜಿ ಮನಸ್ಸು ಬದಲಾಯಿಸಲಿಲ್ಲ, ತಪ್ಪು ಒಪ್ಪಿಕೊಳ್ಳಲಿಲ್ಲ, ಬರೀ ಮರೆತರು. ಇದನ್ನು ನ್ಯಾಯವೆಂದು ಹೇಗೆ ಕರೆಯುವುದು ಎಂದೆ. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಾ, "ನಿಮ್ಮ ಆಫೀಸಿನ ಪ್ರಿಂಟರೂ ಹಂಗೇ ಅಲ್ವೇನೇ ಸರಿಹೋಗಿದ್ದು" ಎಂದರು.

ಆಮೇಲೆ ಅವರು ವಾರ ತಪ್ಪಿಸದೆ ಗುಬ್ಬಿಗೆ ಹೋದರು. ಹೋದಾಗಲೆಲ್ಲ ಅಜ್ಜಿಗೆ ಎಲ್ಲವೂ ಹೊಸದು. ಮೊದಲು ನೀರು ಬೆಲ್ಲ, ಆಮೇಲೆ ಯಾರ ಪೈಕಿ, ಆಮೇಲೆ ಕುಣಿಗಲ್ಲು, ಗಡಿಯಾರ, ಅಂಗಡಿ, ಮುದ್ದೆ, ಸೊಸೆ. ಬೇಸರವಾಗುವುದಿಲ್ಲವೇ ಎಂದು ನಾನು ಕೇಳಿದ್ದುಂಟು. "ಚುಚ್ಚಿದಾಗಲೆಲ್ಲ ಮೊದ್ಲಿಂದ್ಲೇ ಹೇಳ್ಬೇಕು ಕಣೇ, ಅದೇ ಕ್ರಮ" ಎನ್ನುತ್ತಿದ್ದರು.

ಹೊರಡುವ ಹೊತ್ತು ಮಾತ್ರ ತಡವಾಗುತ್ತಿತ್ತು. ಚಿಕ್ಕಮ್ಮ ಹೊಸಿಲಿನ ಒಳಮಗ್ಗುಲಲ್ಲಿ ನಿಂತು, "ಹೋಗಿ ಬರ್ತೀನಿ ಅತ್ತೆ" ಎನ್ನುವರು. ಅಜ್ಜಿ ಅಷ್ಟರಲ್ಲಿ ಇವರು ಯಾರೆಂಬುದನ್ನು ಮರೆತು ಸುಮ್ಮನೆ ಮುಖ ನೋಡುತ್ತಾ ಕೂತಿರುವರು. ಬೀದಿಯಿಂದ ಚಿಕ್ಕಪ್ಪ ಕೂಗುವರು, "ಬಾರೇ, ಬಸ್ಸು ಹೊರಟೋಗುತ್ತೆ."

ಚಿಕ್ಕಮ್ಮ ಅಲುಗುತ್ತಿರಲಿಲ್ಲ.

"ಇರ್ರೀ. ಇನ್ನೂ ಹೋಗಿ ಬಾ ಅಂದಿಲ್ಲ."